ಪಕ್ಕದ ಹೊಲದ ಬೋರು

ಮಾರುಕಟ್ಟೆ ಎಲ್ಲಿ ಸೋಲುತ್ತದೆ? ಸರ್ಕಾರ ಯಾಕೆ ಕೈಹಾಕಬೇಕು? ಕೈಹಾಕಿಯೂ ಯಾಕೆ ಎಡವುತ್ತದೆ? ಬಯಲುಸೀಮೆಯ ಕೊಳವೆಬಾವಿಗಳು ಈ ಮೂರು ಪ್ರಶ್ನೆಗಳಿಗೂ ಉತ್ತರ ಕೊಡುತ್ತವೆ.

ಕೋಲಾರ ಸೀಮೆಯ ಹೊಲಕ್ಕೆ ಬೋರ್‌ವೆಲ್ ಗಾಡಿ ಬಂತೆಂದರೆ ಎಲ್ಲಕ್ಕೂ ಒಂದೊಂದು ಬೆಲೆ. ಕೊರೆಯಲು ಅಡಿಗೆ ಇಷ್ಟು, ಆಳಕ್ಕೆ ಹೋದಂತೆ ಅಡಿಯ ದರವೂ ಜಾಸ್ತಿ. ಕೇಸಿಂಗ್ ಪೈಪಿನ ಲೆಕ್ಕ ಬೇರೆ. ಪಾಯಿಂಟ್ ನೋಡಿಕೊಟ್ಟವರಿಗೆ ಅವರ ಕಾಣಿಕೆ. ನೀರು ಸಿಕ್ಕರೆ ಮೋಟರು, ಕೇಬಲ್, ಸ್ಟಾರ್ಟರ್. ಸಿಗದೆ ಬರೀ ದೂಳು ಎದ್ದರೂ ಕೊರೆದಷ್ಟು ಅಡಿಗೆ ದುಡ್ಡು ಎಣಿಸಲೇಬೇಕು. ಸಾವಿರ ಅಡಿ ದಾಟಿದ ಒಂದೊಂದು ಬಾವಿಯಲ್ಲೂ ಲಕ್ಷಗಟ್ಟಲೆ ರೂಪಾಯಿ ಕರಗಿಹೋಗುತ್ತದೆ. ಇಷ್ಟೆಲ್ಲದರ ನಡುವೆ ಬೆಲೆಯೇ ಇಲ್ಲದ್ದು ಒಂದೇ: ಯಾವುದಕ್ಕಾಗಿ ಈ ಖರ್ಚೆಲ್ಲ ನಡೆಯುತ್ತಿದೆಯೋ ಆ ನೀರು.

ಅರ್ಥಶಾಸ್ತ್ರದ ಪುಸ್ತಕಗಳು ‘ಮಾರುಕಟ್ಟೆ ವೈಫಲ್ಯ’ದ ಅಧ್ಯಾಯವನ್ನು ಕಾರ್ಖಾನೆಯ ಹೊಗೆಯಿಂದಲೋ ಸಮುದ್ರ ತೀರದ ದೀಪಸ್ತಂಭದಿಂದಲೋ ಶುರುಮಾಡುತ್ತವೆ. ಅಷ್ಟು ದೂರ ಹೋಗಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾಲಾರ್, ಪೆನ್ನಾರ್, ಪಾಪಾಗ್ನಿ ಈ ಸೀಮೆಯಲ್ಲೇ ಹುಟ್ಟಿ ನೆರೆರಾಜ್ಯಗಳಿಗೆ ಹೋಗಿಬಿಡುತ್ತವೆ. ಹಿಂದಿನವರು ಬಿದ್ದ ಮಳೆಯನ್ನು ಸಾವಿರಾರು ಕೆರೆಗಳಲ್ಲಿ ಹಿಡಿದಿಟ್ಟರು. ಕೆರೆಯ ಕೆಳಗಿನ ತೆರೆದ ಬಾವಿಗಳಲ್ಲಿ ಕಪಿಲೆ ಹೊಡೆದು ಬೇಸಾಯ ಮಾಡಿದರು. 1970ರ ದಶಕದ ನಂತರ ಗಟ್ಟಿ ಬಂಡೆಯನ್ನು ಗಂಟೆಗಳಲ್ಲಿ ಕೊರೆಯುವ ಯಂತ್ರಗಳು ಬಂದವು. ತಮಿಳುನಾಡಿನ ತಿರುಚೆಂಗೋಡು ಎಂಬ ಊರು ಈ ಗಾಡಿಗಳಿಂದಲೇ ದಕ್ಷಿಣ ಭಾರತಕ್ಕೆಲ್ಲ ಹೆಸರಾಯಿತು. ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ಬೋರುಗಳು ಇನ್ನೂರು ಅಡಿಯಿಂದ ಐನೂರಕ್ಕೆ, ಸಾವಿರಕ್ಕೆ, ಅದರಾಚೆಗೂ ಇಳಿದವು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಇತ್ತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ದಾಟಿದ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿತು. ವಯಸ್ಸಾದವರ ಮೂಳೆ, ಕೀಲು ಬಿಗಿದುಕೊಂಡವು.

ಇದೆಲ್ಲ ಯಾರ ದುರಾಸೆಯಿಂದಲೂ ಆದದ್ದಲ್ಲ. ಅದಕ್ಕೇ ಈ ಕಥೆ ಮುಖ್ಯ.

ಟೊಮೆಟೊಗೆ ಬೆಲೆಯುಂಟು

ಅದೇ ಕೋಲಾರದ ಟೊಮೆಟೊ ಮಾರುಕಟ್ಟೆಯನ್ನು ನೋಡಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. 2023ರ ಜುಲೈನಲ್ಲಿ ಅಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ದೇಶದಲ್ಲಿ ಟೊಮೆಟೊ ಕಡಿಮೆಯಾಗಿದೆ ಎಂಬ ಸುದ್ದಿಯನ್ನು ರೈತನಿಗೆ ಯಾವ ಅಧಿಕಾರಿಯೂ ಬಂದು ಹೇಳಲಿಲ್ಲ, ಬೆಲೆಯೇ ಹೇಳಿತು. ಲಾರಿಗಳು ಕೊರತೆಯಿರುವ ಊರುಗಳ ಕಡೆ ತಿರುಗಿದವು, ಹೊಸ ಸಸಿ ನಾಟಿಯಾಯಿತು, ಮನೆಗಳಲ್ಲಿ ಸಾರಿಗೆ ಹುಣಸೆಹಣ್ಣು ಬಿತ್ತು. ಕೋಟ್ಯಂತರ ಜನ ಒಬ್ಬರ ಮುಖ ಒಬ್ಬರು ನೋಡದೆಯೇ ತಮ್ಮ ತಮ್ಮ ನಡೆ ಬದಲಿಸಿದರು. 1776ರಲ್ಲಿ ಆಡಂ ಸ್ಮಿತ್ ಬೆರಗಿನಿಂದ ಬರೆದದ್ದು ಮಾರುಕಟ್ಟೆಯ ಈ ಶಕ್ತಿಯ ಬಗ್ಗೆಯೇ. ಬೆಲೆ ಕುಸಿದ ವರ್ಷ ಇದೇ ರೈತ ಹಣ್ಣನ್ನು ರಸ್ತೆಗೆ ಸುರಿಯುತ್ತಾನೆ, ಆ ನೋವು ಸಣ್ಣದಲ್ಲ. ಆದರೂ ಬೇಕು, ಸಾಕು ಎಂಬ ಸುದ್ದಿ ಅಲ್ಲಿ ಹೊಲದವರೆಗೆ ತಲುಪುತ್ತದೆ.

ಆ ಟೊಮೆಟೊ ಬೆಳೆಸಿದ ನೀರಿಗೆ ಅಂಥ ಸುದ್ದಿಗಾರನಿಲ್ಲ. ಕೋಲಾರದ ನೆಲದಡಿಯಿಂದ ವರ್ಷಕ್ಕೆ ಎತ್ತುವ ನೀರು ಇಂಗುವ ನೀರಿಗಿಂತ ಹೆಚ್ಚಾಗಿ ಎಷ್ಟೋ ಕಾಲವಾಗಿದೆ. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಈ ಭಾಗ ‘ಅತಿಬಳಕೆ’ಯ ಗುಂಪಿನಲ್ಲಿದೆ. ಆದರೆ ಬಟನ್ ಒತ್ತುವ ರೈತನಿಗೆ ಆ ಕೊರತೆ ಯಾವ ಬೆಲೆಯಾಗಿಯೂ ಕಾಣುವುದಿಲ್ಲ. ಕಾಣುವುದು ಒಂದೇ ಸಲ, ಮೋಟರು ಗಾಳಿ ಎಳೆಯತೊಡಗಿದಾಗ.

ಬಂಡೆಯ ಸೀಳುಗಳಲ್ಲಿ ನಿಂತ ನೀರು ಬೀಗವಿಲ್ಲದ ಊರ ಕಣಜದ ಹಾಗೆ. ನಾನು ಇಂದು ಎತ್ತದೆ ಉಳಿಸಿದ ನೀರು ನಾಳೆ ನನ್ನ ಬಾವಿಯಲ್ಲೇ ಇರುತ್ತದೆ ಎಂಬ ಭರವಸೆಯಿಲ್ಲ, ಪಕ್ಕದ ಹೊಲದ ಬೋರು ಅದನ್ನು ಎಳೆದುಕೊಳ್ಳಬಹುದು. ಹಾಗಿದ್ದಮೇಲೆ ಉಳಿಸುವುದೇಕೆ? ಅವರು 800 ಅಡಿ ಹೋದರೆ ಇವರು 1,000 ಅಡಿ ಹೋಗಬೇಕು. ಇಬ್ಬರೂ ಬುದ್ಧಿವಂತರೇ, ಇಬ್ಬರೂ ಸಂಸಾರಸ್ಥರೇ. ಒಬ್ಬೊಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ. ಎಲ್ಲರ ಸರಿ ಸೇರಿ ಊರಿಗೆ ಊರೇ ಬರಿದಾಗುತ್ತದೆ. ಒಬ್ಬರ ವ್ಯವಹಾರದ ಪೆಟ್ಟು ಆ ವ್ಯವಹಾರದಲ್ಲಿ ಇಲ್ಲದ ಇನ್ನೊಬ್ಬರ ಮೇಲೆ ಬಿದ್ದು, ಆ ಪೆಟ್ಟಿಗೆ ಯಾರೂ ಬೆಲೆ ತೆರದಿದ್ದರೆ ಅರ್ಥಶಾಸ್ತ್ರಜ್ಞರು ಅದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಪ್ರೊ. ಎಂ.ಜಿ. ಚಂದ್ರಕಾಂತ್ ಅವರು ನಮ್ಮ ಒಣಸೀಮೆಯ ಬಾವಿಗಳನ್ನೇ ಇಟ್ಟುಕೊಂಡು ಈ ವಿಚಾರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಫೇಲಾದ ಬೋರುಗಳ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದರೆ ಪುಕ್ಕಟೆ ಎಂದುಕೊಂಡ ನೀರು ರೈತನಿಗೆ ಎಷ್ಟು ದುಬಾರಿ ಬೀಳುತ್ತದೆ ಎಂಬುದನ್ನು ಅವರ ಅಧ್ಯಯನಗಳು ತೋರಿಸಿವೆ. ಮೂರು ಬೋರು ಕೊರೆಸಿ ಒಂದರಲ್ಲಿ ನೀರು ಕಂಡವನ ನೀರಿನ ಬೆಲೆಯಲ್ಲಿ ಉಳಿದೆರಡು ಬೋರುಗಳ ಸಾಲವೂ ಇದೆ.

ಇದರ ಬೇರು ಕಾನೂನಿನಲ್ಲೂ ಇದೆ. 1843ರಲ್ಲಿ ಇಂಗ್ಲೆಂಡಿನ ಒಂದು ಮೊಕದ್ದಮೆಯಲ್ಲಿ, ಪಕ್ಕದ ಜಮೀನಿನ ಕಲ್ಲಿದ್ದಲು ಗಣಿಯಿಂದಾಗಿ ಬಾವಿ ಬತ್ತಿದವನಿಗೆ ಪರಿಹಾರವಿಲ್ಲ ಎಂದು ತೀರ್ಪಾಯಿತು. ತನ್ನ ನೆಲದಡಿಯ ನೀರು ನೆಲದೊಡೆಯನಿಗೆ ಸೇರಿದ್ದು ಎಂಬ ಆ ನಂಬಿಕೆ 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯೊಳಗೂ ಬಂತು. ಹಗ್ಗ, ಬಕೆಟ್ಟಿನ ಕಾಲದಲ್ಲಿ ಅದರಿಂದ ಹೆಚ್ಚು ಹಾನಿಯಾಗುತ್ತಿರಲಿಲ್ಲ. ಸಾವಿರ ಅಡಿಯ ಸಬ್‌ಮರ್ಸಿಬಲ್ ಪಂಪಿನ ಕಾಲದಲ್ಲಿ ಅದೇ ನಿಯಮ, ಜಮೀನಿರುವವನು ಊರಿನ ನೀರನ್ನೆಲ್ಲ ಎತ್ತಬಹುದು ಎಂಬ ಪರವಾನಗಿಯಾಯಿತು. ಜಮೀನೇ ಇಲ್ಲದವರಿಗೆ ಆ ನೀರಿನಲ್ಲಿ ಪಾಲೇ ಉಳಿಯಲಿಲ್ಲ.

ಇಂಥ ಕಡೆ ಏನು ಮಾಡಬೇಕು ಎಂಬುದಕ್ಕೆ ಎರಡು ಹಳೆಯ ಉತ್ತರಗಳಿವೆ. ಕೇಂಬ್ರಿಡ್ಜಿನ ಆರ್ಥರ್ ಪಿಗೂ 1920ರಲ್ಲಿ ಹೇಳಿದ್ದು: ಹಾನಿಯಷ್ಟೇ ತೆರಿಗೆ ಹಾಕಿ, ಆಗ ಹಾನಿ ಮಾಡುವವನ ಲೆಕ್ಕದೊಳಗೇ ಅದು ಬರುತ್ತದೆ. ರೊನಾಲ್ಡ್ ಕೋಸ್ 1960ರಲ್ಲಿ ಇನ್ನೊಂದು ದಾರಿ ತೋರಿಸಿದರು: ಹಕ್ಕು ಯಾರದೆಂಬುದು ಸ್ಪಷ್ಟವಿದ್ದು ಮಾತುಕತೆಗೆ ಖರ್ಚಿಲ್ಲದಿದ್ದರೆ ಇಬ್ಬರೂ ತಾವೇ ಕುಳಿತು ಇತ್ಯರ್ಥ ಮಾಡಿಕೊಳ್ಳುತ್ತಾರೆ. ಎರಡೇ ಹೊಲ, ಎರಡೇ ಬಾವಿಯಾಗಿದ್ದರೆ ಅರಳಿಕಟ್ಟೆಯ ಮೇಲೆ ಅದು ಆಗುತ್ತಿತ್ತೇನೋ. ಆದರೆ ಕಣ್ಣಿಗೆ ಕಾಣದ ಬಂಡೆಯ ಸೀಳು ಯಾವ ಬೋರಿನಿಂದ ಯಾವ ಬೋರಿಗೆ ಹೋಗಿದೆ ಎಂದು ಹೇಳುವವರು ಯಾರು? ನೂರಾರು ಬಾವಿಗಳ ಒಡೆಯರನ್ನು ಒಂದೇ ಕಡೆ ಕೂರಿಸುವವರು ಯಾರು? ಅಳೆಯುವವರು, ಕೂರಿಸುವವರು, ಮಾತಿಗೆ ತಪ್ಪಿದವರನ್ನು ತಡೆಯುವವರು ಬೇಕಾಗುತ್ತಾರೆ. ಸರ್ಕಾರದ ಕೆಲಸ ಹುಟ್ಟುವುದು ಇಲ್ಲಿ.

ಇದೇ ಬಾವಿಯ ಸುತ್ತ ಮಾರುಕಟ್ಟೆ ಇನ್ನೂ ಒಂದು ಕಡೆ ಸೋಲುತ್ತದೆ. ಬೋರು ಫೇಲಾಗುವುದು ರೈತನ ಬದುಕಿನ ಅತಿ ದೊಡ್ಡ ಆರ್ಥಿಕ ಅಪಾಯಗಳಲ್ಲೊಂದು. ಆದರೂ ಅದಕ್ಕೊಂದು ವಿಮೆ ಮಾಡಿಸೋಣವೆಂದರೆ ಸಿಗುವುದು ಕಷ್ಟ. ನೀರು ಸಿಗುವ ಭರವಸೆ ಕಡಿಮೆ ಇರುವವರೇ ವಿಮೆಗೆ ಮುಂದೆ ಬರುತ್ತಾರೆ, ವಿಮೆಯಿದ್ದರೆ ಎಲ್ಲೆಂದರಲ್ಲಿ ಕೊರೆಸುತ್ತಾರೆ ಎಂಬ ಭಯ ಕಂಪನಿಗಳದು. ಹೀಗೆ ಆ ಅಪಾಯವೆಲ್ಲ ಒಂದೆರಡು ಎಕರೆಯ ಮನೆಯೊಂದರ ಮೇಲೆ, ಬಡ್ಡಿ ಸಾಲದ ರೂಪದಲ್ಲಿ ಬಂದು ಕೂರುತ್ತದೆ.

ನೀರುಗಂಟಿಯ ಊರಿನಲ್ಲಿ

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ ಬರೆದ ಲೇಖನವೊಂದು ಜಗತ್ತಿಗೆಲ್ಲ ಹಬ್ಬಿತು. ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ, ಒಂದೋ ಅದನ್ನು ಖಾಸಗಿ ಆಸ್ತಿ ಮಾಡಬೇಕು, ಇಲ್ಲವೇ ಸರ್ಕಾರ ವಹಿಸಿಕೊಳ್ಳಬೇಕು ಎಂಬುದು ಅದರಿಂದ ಬಹುಮಂದಿ ತೆಗೆದುಕೊಂಡ ಪಾಠ. ನಮ್ಮ ಕೆರೆಗಳ ಚರಿತ್ರೆ ಬಲ್ಲವರು ಇದನ್ನು ಒಪ್ಪುವುದು ಕಷ್ಟ. ಕೆರೆಯೂ ಎಲ್ಲರಿಗೂ ಸೇರಿದ್ದೇ. ಆದರೆ ಅದಕ್ಕೆ ತೂಬಿತ್ತು, ತೂಬಿಗೊಬ್ಬ ನೀರುಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನಾಟಿ ಎಂಬುದಕ್ಕೆ ಕಟ್ಟಳೆಯಿತ್ತು. ಹೂಳೆತ್ತುವುದಕ್ಕೆ ಊರೇ ಬರಬೇಕಿತ್ತು. ಆ ವ್ಯವಸ್ಥೆಯನ್ನು ಬಂಗಾರದ ಕಾಲವೆಂದು ಹೊಗಳಲು ನನಗೆ ಮನಸ್ಸಿಲ್ಲ. ಅಚ್ಚುಕಟ್ಟಿನ ನೀರು ಭೂಮಿ ಇದ್ದ ಜಾತಿಗಳ ಪಾಲಾಗಿತ್ತು, ತೂಬು ಎತ್ತುವ, ಕಾಲುವೆ ಕಾಯುವ ಕೆಲಸ ಹೆಚ್ಚಾಗಿ ಭೂಮಿ ಇಲ್ಲದ ದಲಿತರ ಪಾಲಾಗಿತ್ತು. ಆದರೂ ಕಣ್ಣಿಗೆ ಕಾಣುವ ನೀರನ್ನು ಅಳೆದು ಹಂಚಬಹುದು ಎಂಬುದನ್ನು ಅದು ಶತಮಾನಗಳ ಕಾಲ ಸಾಬೀತು ಮಾಡಿತ್ತು.

ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ವ್ಯವಸ್ಥೆಗಳ ಅಧ್ಯಯನಕ್ಕೆ. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 1965ರ ಅವರ ಪಿಎಚ್‌ಡಿ ಪ್ರಬಂಧದ ವಿಷಯವೂ ಅಂತರ್ಜಲವೇ. ಲಾಸ್ ಏಂಜಲೀಸ್ ಕರಾವಳಿಯ ವೆಸ್ಟ್ ಬೇಸಿನ್ ಎಂಬಲ್ಲಿ ನಗರಗಳು, ನೀರಿನ ಕಂಪನಿಗಳು, ತೈಲ ಕಂಪನಿಗಳು ಪೈಪೋಟಿಯ ಮೇಲೆ ನೀರೆತ್ತಿ, ಸಮುದ್ರದ ಉಪ್ಪುನೀರು ಒಳಗೆ ನುಗ್ಗತೊಡಗಿತ್ತು. 1945ರಲ್ಲಿ ದಾವೆ ಹೂಡಲಾಯಿತು. ಬಳಕೆದಾರರು ಸಂಘ ಕಟ್ಟಿಕೊಂಡರು, ಯಾರು ಎಷ್ಟು ಎತ್ತುತ್ತಿದ್ದಾರೆಂದು ಅಳೆಯಲಾಯಿತು, ಪಾಲುಗಳನ್ನು ತಮ್ಮೊಳಗೇ ಕಡಿಮೆ ಮಾಡಿಕೊಂಡರು. 1959ರಲ್ಲಿ ನೀರೆತ್ತಿದ್ದಕ್ಕೆ ತೆರಿಗೆ ಹಾಕಿ ಆ ಹಣದಿಂದ ನೀರು ಇಂಗಿಸುವ ಒಂದು ಸಾರ್ವಜನಿಕ ಸಂಸ್ಥೆಯನ್ನೇ ಜನ ಮತ ಹಾಕಿ ಕಟ್ಟಿದರು. ಅಂತಿಮ ತೀರ್ಪು ಬಂದದ್ದು 1961ರಲ್ಲಿ. ಕೋರ್ಟು, ಅಳತೆ, ಕಾನೂನು ಕೊಟ್ಟದ್ದು ಸರ್ಕಾರ. ನಿಯಮ ಬರೆದದ್ದು ಆ ನೀರನ್ನು ಬಳಸುವ ಜನ.

ಕೈಹಾಕಿದ್ದು ಎಲ್ಲಿ?

ನಮ್ಮಲ್ಲಿ ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಅದು ಕೈಹಾಕಿದ ಜಾಗ ಬೇರೆಯಾಯಿತು. 2008ರಿಂದ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟು ಪೂರ್ತಿ ಉಚಿತ. ಅದಕ್ಕೂ ಮೊದಲೂ ಯೂನಿಟ್ಟಿನ ಲೆಕ್ಕವಿಲ್ಲದೆ ಎಚ್‌ಪಿಗೆ ಇಷ್ಟು ಎಂಬ ದರವೇ ಬಹುಕಾಲ ಇತ್ತು. ಈಗ ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, ಸಹಾಯಧನದ ಹೊರೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿ ಮೀರುತ್ತದೆ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲದ ಕಾರಣ ಈ ಲೆಕ್ಕವೂ ಅಂದಾಜಿನದೇ. ತ್ರೀಫೇಸ್ ಕರೆಂಟು ಯಾವಾಗ ಬರುತ್ತದೋ ತಿಳಿಯದು, ಬಂದರೆ ಕೆಲವು ಗಂಟೆ. ಹಾಗಾಗಿ ರೈತ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾನೆ. ಕರೆಂಟು ಬಂದಷ್ಟು ಹೊತ್ತು ಬೆಳೆಗೆ ಬೇಕಿರಲಿ ಬಿಡಲಿ, ನೀರು ಬರುತ್ತಲೇ ಇರುತ್ತದೆ. ನೀರಿನ ಕೊರತೆಯನ್ನು ಅಷ್ಟಿಷ್ಟಾದರೂ ಹೇಳಬಹುದಾಗಿದ್ದ ಬೆಲೆಯೊಂದಿತ್ತು, ಅದು ಪಂಪಿನ ಕರೆಂಟಿನದು. ಅದನ್ನೂ ಸರ್ಕಾರ ಅಳಿಸಿಹಾಕಿತು.

ಇದನ್ನು ಬರೀ ಓಟಿನ ಆಸೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಕೃಷ್ಣರಾಜಸಾಗರದ, ತುಂಗಭದ್ರೆಯ ಅಚ್ಚುಕಟ್ಟಿನ ರೈತನಿಗೆ ಅಣೆಕಟ್ಟು, ಕಾಲುವೆ ಎಲ್ಲವನ್ನೂ ಸಾರ್ವಜನಿಕರ ಹಣದಲ್ಲಿ ಕಟ್ಟಿಕೊಡಲಾಯಿತು. ಅವನು ಕೊಡುವ ನೀರಿನ ಕಂದಾಯ ಅತ್ಯಲ್ಪ. ಕೋಲಾರದ ರೈತ ತನ್ನ ದುಡ್ಡಿನಲ್ಲಿ, ತನ್ನ ಸಾಲದಲ್ಲಿ ನೀರು ಹುಡುಕಿಕೊಂಡವನು. ‘ಅವರಿಗೆ ಪುಕ್ಕಟೆ ನೀರು, ನಮಗೆ ಕರೆಂಟ್ ಬಿಲ್ಲೇ?’ ಎಂಬ ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. 1980ರ ದಶಕದ ರೈತ ಚಳವಳಿಗೆ ಅಷ್ಟು ಕಸುವು ತುಂಬಿದ್ದು ಇಂಥ ಪ್ರಶ್ನೆಗಳೇ. ಆ ನ್ಯಾಯವನ್ನು ಹಣದ ರೂಪದಲ್ಲಿ ನೇರವಾಗಿ ಅವನ ಕೈಗೆ ಕೊಡಬಹುದಿತ್ತು. ಎಷ್ಟು ನೀರೆತ್ತಿದರೆ ಅಷ್ಟು ಸಹಾಯ ಎಂಬ ರೂಪದಲ್ಲಿ ಕೊಟ್ಟದ್ದು ತಪ್ಪಾಯಿತು. ಆಳದ ಬೋರು, ದೊಡ್ಡ ಮೋಟರು ಇದ್ದವನಿಗೆ ಹೆಚ್ಚು ಸಿಕ್ಕಿತು. ಬೋರು ಬತ್ತಿದವನಿಗೆ, ಮಳೆಯನ್ನೇ ನಂಬಿ ರಾಗಿ ಬೆಳೆಯುವವನಿಗೆ ಏನೂ ಸಿಗಲಿಲ್ಲ.

ಕಾನೂನುಗಳೂ ಬಂದವು. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ಕಾಯ್ದೆ ಹೇಳಿತು. 2011ರ ಕಾಯ್ದೆ ಅಂತರ್ಜಲ ಪ್ರಾಧಿಕಾರ ರಚಿಸಿ, ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಯಲು ಅನುಮತಿ, ಕೊರೆಯುವ ಗಾಡಿಗಳಿಗೆ ನೋಂದಣಿ ಕಡ್ಡಾಯ ಮಾಡಿತು. ಕಾಗದದ ಮೇಲೆ ಇವು ಒಳ್ಳೆಯ ಕಾನೂನುಗಳೇ. ಆದರೆ ರಾತ್ರಿ ಬಂದು ಬೆಳಗಾಗುವುದರೊಳಗೆ ಕೊರೆದು ಹೋಗುವ ಗಾಡಿಯನ್ನು ಜಿಲ್ಲೆಗೆ ಬೆರಳೆಣಿಕೆಯಷ್ಟು ಸಿಬ್ಬಂದಿ ಇರುವ ಕಚೇರಿ ಹೇಗೆ ಕಾಯಬೇಕು? ಪಕ್ಕದ ಹೊಲದವನು ದೂರು ಕೊಡುವುದಿಲ್ಲ, ನಾಳೆ ಅವನೂ ಕೊರೆಸಬೇಕು. ಕೊರೆದು ಬಿಟ್ಟ ಬೋರಿನ ಬಾಯಿ ಮುಚ್ಚಿ ಎಂದು ಹೇಳುವುದಕ್ಕೂ 2010ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಡಬೇಕಾಯಿತು. ಆಮೇಲೂ ಮಕ್ಕಳು ಅವುಗಳಲ್ಲಿ ಬೀಳುವುದು ನಿಂತಿಲ್ಲ.

ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ತೊಂದರೆ ಏಳುವುದೂ ಉಂಟು. ಪಂಜಾಬ್ ಅಂತರ್ಜಲ ಉಳಿಸಲೆಂದು 2009ರಲ್ಲಿ ಕಾಯ್ದೆ ತಂದು, ಬಿರು ಬೇಸಿಗೆಯಲ್ಲಿ ಭತ್ತ ನಾಟಿ ಮಾಡಬಾರದೆಂದು ವಿಧಿಸಿತು. ನಾಟಿ ತಡವಾದದ್ದರಿಂದ ಕೊಯ್ಲೂ ತಡವಾಯಿತು, ಗೋಧಿ ಬಿತ್ತನೆಗೆ ಉಳಿದ ದಿನಗಳು ಕಡಿಮೆಯಾದವು. ರೈತರು ಕೂಳೆಗೆ ಬೆಂಕಿ ಇಟ್ಟರು. ಗಾಳಿ ನಿಂತಿರುವ ಆ ದಿನಗಳಲ್ಲಿ ಹೊಗೆ ದೆಹಲಿಯವರೆಗೂ ಬಂತು. ಸರ್ಕಾರ ಕನಿಷ್ಠ ಬೆಂಬಲ ಬೆಲೆಗೆ ಭತ್ತವನ್ನೇ ಕೊಳ್ಳುತ್ತಾ, ಕರೆಂಟನ್ನೂ ಪುಕ್ಕಟೆ ಕೊಡುತ್ತಾ ನಾಟಿಯ ತಾರೀಖನ್ನು ಮಾತ್ರ ಬದಲಿಸಿದರೆ ಇನ್ನೇನಾದೀತು?

ಬೆಂಗಳೂರಿನಿಂದ ಬಂದ ನೀರು

ಸರ್ಕಾರ ಮಾತ್ರ ಮಾಡಬಹುದಾದ, ಮಾರುಕಟ್ಟೆಯಿಂದ ಎಂದೂ ಆಗದ ಕೆಲಸವೂ ಇದೇ ಸೀಮೆಯಲ್ಲಿ ನಡೆದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ನೀರನ್ನು ನೇರವಾಗಿ ಬಳಸುವಂತಿಲ್ಲ, ಕೆರೆಯಲ್ಲಿ ಇಂಗಿಸಬೇಕು. ಹಾಗೆ ಇಂಗಿದ ನೀರಿನ ಲಾಭ ಕೆರೆಯ ಸುತ್ತಮುತ್ತ ಬೋರು ಇರುವ ಎಲ್ಲರಿಗೂ ಸಿಗುತ್ತದೆ. ಅವರಲ್ಲಿ ಯಾರಿಗೆ ಎಷ್ಟು ಸಿಕ್ಕಿತೆಂದು ಅಳೆದು ಬಿಲ್ ಹಾಕಲು ಯಾವ ಕಂಪನಿಗೂ ಆಗದು. ಬಿಲ್ ಹಾಕಲಾಗದ ಲಾಭಕ್ಕೆ ಯಾರೂ ಬಂಡವಾಳ ಹೂಡುವುದಿಲ್ಲ. ಹಾಗಾಗಿ ಅದು ಸಾರ್ವಜನಿಕ ಹಣದಲ್ಲೇ ಆಗಬೇಕಿತ್ತು, ಆಯಿತು. ಬತ್ತಿದ್ದ ಎಷ್ಟೋ ಬೋರುಗಳಲ್ಲಿ ಮತ್ತೆ ನೀರು ಬಂದಿದೆ.

ಆದರೆ ಆ ನೀರಿಗೆ ಮಾಡಿರುವುದು ಎರಡು ಹಂತದ ಶುದ್ಧೀಕರಣ ಮಾತ್ರ. 2018ರ ಜುಲೈನಲ್ಲಿ ಕೆರೆಯಲ್ಲಿ ನೊರೆ ಕಂಡು ಹೈಕೋರ್ಟು ನೀರು ಹರಿಸುವುದನ್ನು ತಡೆಹಿಡಿಯಿತು, ಮುಂದೆ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ವರ್ಷಗಳಿಂದ ಕೇಳುತ್ತಿದೆ. ಅದು ಹಟವಲ್ಲ, ಲೆಕ್ಕದ ಮಾತು. ನಗರದ ಕೊಳೆ ಹಳ್ಳಿಯ ಅಂತರ್ಜಲಕ್ಕೆ ಸೇರಿದರೆ ಅದೂ ಒಂದು ಬಾಹ್ಯ ಪರಿಣಾಮವೇ, ಈ ಸಲ ಮಾಡುವವನು ಸರ್ಕಾರ. ಮೂರನೇ ಹಂತದ ಖರ್ಚು ಕೊಳಚೆ ಬಿಟ್ಟ ನಗರದ ಮೇಲೆ ಬೀಳಬೇಕು, ಕೋಲಾರದ ಮಕ್ಕಳ ಆರೋಗ್ಯದ ಮೇಲಲ್ಲ.

ನಗರಕ್ಕೂ ತನ್ನ ಪಾಠ ಬಂತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು, ಟ್ಯಾಂಕರ್ ದರ ಮುಗಿಲಿಗೇರಿತು. ಜಿಲ್ಲಾಡಳಿತ ದರ ನಿಗದಿ ಮಾಡಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಕುಡಿಯುವ ನೀರಿಗಾಗಿ ಬಡವರನ್ನು ಸುಲಿಯುವುದನ್ನು ಆ ಹೊತ್ತಿನಲ್ಲಿ ತಡೆಯಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ 600 ರೂಪಾಯಿಯಲ್ಲಿ ಡೀಸೆಲ್ ಇದೆ, ಚಾಲಕನ ಸಂಬಳವಿದೆ, ಮಾಲೀಕನ ಲಾಭವಿದೆ. ನೀರು ಎತ್ತಿದ ಹಳ್ಳಿಯ ಬರಿದಾದ ನೆಲಕ್ಕೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ದರ ಮಿತಿ ಕೊಳ್ಳುವವರನ್ನು ಕಾಪಾಡಿತು, ನೀರನ್ನಲ್ಲ.

‘ಸರ್ಕಾರ ಬೇಕೋ, ಮಾರುಕಟ್ಟೆ ಬೇಕೋ’ ಎಂಬ ಜಗಳದಲ್ಲಿ ನಾವು ಹೊತ್ತು ಕಳೆದದ್ದು ಸಾಕು. ಅಂತರ್ಜಲದಲ್ಲಿ ಮಾರುಕಟ್ಟೆ ಸೋತಿದೆ, ಅದು ಇತ್ಯರ್ಥವಾದ ವಿಷಯ. ಕೇಳಬೇಕಾದ್ದು, ಸರ್ಕಾರ ಸೋಲಿನ ಕಾರಣಕ್ಕೆ ಕೈಹಾಕಿದೆಯೋ, ಸೋತವರ ಸಿಟ್ಟು ಇಳಿಸುವುದಕ್ಕೆ ಮಾತ್ರ ಕೈಹಾಕಿದೆಯೋ ಎಂಬುದು. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿ ಬೇಸಾಯಕ್ಕೆ ಬೋರು ಕೊರೆಯಬಾರದೆಂದು ತಾನೇ ನಿಯಮ ಮಾಡಿಕೊಂಡು, ಪ್ರತಿವರ್ಷ ಮಳೆಯ ಲೆಕ್ಕ ಹಾಕಿ ಬೆಳೆ ನಿರ್ಧರಿಸುತ್ತದೆ. 2019ರಲ್ಲಿ ಶುರುವಾದ ಕೇಂದ್ರದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಗ್ರಾಮ ಪಂಚಾಯಿತಿಗಳಲ್ಲಿ ಇಂಥದೇ ನೀರಿನ ಬಜೆಟ್ ಹಾಕಿಸಲು ಹೊರಟದ್ದು. ಪಂಪ್‌ಸೆಟ್‌ಗೆ ಮೀಟರ್ ಹಾಕಿ, ಈಗಿನ ಸಹಾಯಧನವನ್ನು ರೈತನ ಖಾತೆಗೇ ಕೊಟ್ಟು, ಉಳಿಸಿದ ಯೂನಿಟ್ಟಿನ ಹಣ ಅವನಿಗೇ ಉಳಿಯುವಂತೆ ಮಾಡಿದರೆ ನೀರು ಉಳಿಸಲು ಅವನಿಗೊಂದು ಕಾರಣ ಸಿಗುತ್ತದೆ. ಮೀಟರ್ ಬಂದರೆ ನಾಳೆ ಬಿಲ್ ಬರುತ್ತದೆ ಎಂಬ ರೈತರ ಭಯ ಸುಳ್ಳಲ್ಲ. ಆ ಭಯವನ್ನು ಕಾನೂನಿನ ಲಿಖಿತ ಖಾತರಿಯಿಂದ ಮಾತ್ರ ಕಳೆಯಲು ಸಾಧ್ಯ.

ಈ ಲೇಖನ ಓದುತ್ತಿರುವವರಲ್ಲಿ ಹಳ್ಳಿಯವರಿದ್ದರೆ ಒಂದು ಕೋರಿಕೆ. ಮುಂದಿನ ಗ್ರಾಮಸಭೆಗೆ ಹೋಗಿ, ನಮ್ಮ ಪಂಚಾಯಿತಿಯಲ್ಲಿ ಎಷ್ಟು ಬೋರುಗಳಿವೆ, ಎಷ್ಟು ಬತ್ತಿವೆ, ಎಷ್ಟಕ್ಕೆ ಬಾಯಿ ಮುಚ್ಚಿಲ್ಲ, ಈ ಮಳೆಗಾಲದಲ್ಲಿ ಎಷ್ಟು ನೀರು ಇಂಗಿತು ಎಂದು ಕೇಳಿ. ಉತ್ತರ ಬರುವವರೆಗೂ ಕೇಳಿ. ನಗರದವರಾಗಿದ್ದರೆ, ನಿಮ್ಮ ಮನೆಯಿಂದ ಹೊರಟ ಕೊಳಚೆ ನೀರು ಎಷ್ಟು ಹಂತ ಶುದ್ಧವಾಗಿ ಯಾರ ಕೆರೆ ಸೇರುತ್ತಿದೆ ಎಂದು ನಿಮ್ಮ ಶಾಸಕರನ್ನು ಕೇಳಿ.